ಇಟ್ಟಿಗೆಯ ಆಚೆ ಆರಿದ ದೀಪ

ಒಂದು ಇಟ್ಟಿಗೆಯ ತುಂಡು. ಅದರ ನಾಲ್ಕೂ ಪಕ್ಕಗಳಿಗೆ ಗಾಳಿ ನುಸುಳದಂತೆ ದಪ್ಪನಾಗಿ ಮೇಣ ಬಳಿದಿದೆ. ಬರಿದಾಗಿ ಬಿಟ್ಟ ಎರಡು ತುದಿಗಳಿಗೆ ಒಂದೊಂದು ಆಲಿಕೆಯನ್ನು ಅಂಟಿಸಿದೆ. ಒಂದು ಆಲಿಕೆಯ ಕೊಳವೆಗೆ ಬಾಯಿಟ್ಟು ಊದಿದರೆ ಇನ್ನೊಂದು ಆಲಿಕೆಯ ಮುಂದೆ ಉರಿಯುತ್ತಿರುವ ಮೇಣದ ಬತ್ತಿಯ ಜ್ವಾಲೆ ಬಳುಕುತ್ತದೆ. ಬಲವಾಗಿ ಊದಿದರೆ ಆರಿಯೇ ಹೋಗುತ್ತದೆ! ಕೈಚಳಕವೆಂದು ತೋರಬಹುದಾದ ಈ ಆಟವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜನರ ಮುಂದಿಟ್ಟವನು ಜಾದೂಗಾರನಲ್ಲ. ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್.

ಕಲ್ಲಿನಂತೆ ಗಟ್ಟಿಯಾಗಿ ಕಾಣುವ ಇಟ್ಟಿಗೆಯೊಳಗಿನಿಂದ ಮನುಷ್ಯನ ಉಸಿರು ಹಾದುಹೋಗುವುದೆಂದರೆ ಯಾರಿಗೆ ತಾನೆ ಆಶ್ಚರ್ಯವಾಗದು? ಆದರೆ ಗಾಳಿಯ ಲೋಕದಲ್ಲಿ 'ಗಟ್ಟಿ' ಎಂಬ ಮಾತಿಗೆ ಅರ್ಥವೇ ಬೇರೆ. ಉಟ್ಟ ಬಟ್ಟೆ, ಮನೆಯ ಗೋಡೆ, ಕಾಲ ಕೆಳಗಿನ ನೆಲ, ಎಲ್ಲದರೊಳಗೂ ಗಾಳಿಗೆ ಕಾಲುದಾರಿಗಳುಂಟು. ಈ ದಾರಿಗಳ ಲೆಕ್ಕವನ್ನು ಅರಿತಾಗ ಮನುಷ್ಯನು ಮಹಾಮಾರಿಗೆ ತಡೆಯೊಡ್ಡಿದ್ದಾನೆ. ಅದನ್ನು ಕಡೆಗಣಿಸಿದಾಗ ಪ್ರಾಣವನ್ನೇ ತೆತ್ತಿದ್ದಾನೆ.

ಗಟ್ಟಿಯೊಳಗಿನ ಬಯಲು

ಇಟ್ಟಿಗೆ ಹುಟ್ಟುವ ಬಗೆಯನ್ನು ನೆನೆದರೆ ಅದರ ಗುಟ್ಟು ತಿಳಿಯುತ್ತದೆ. ಕಲಸಿದ ಜೇಡಿಮಣ್ಣನ್ನು ಅಚ್ಚಿಗೆ ಒತ್ತಿ, ಒಣಗಿಸಿ, ಗೂಡಿನಲ್ಲಿ ಸುಡುತ್ತಾರೆ. ಮಣ್ಣಿನಲ್ಲಿದ್ದ ನೀರು ಆವಿಯಾಗಿ ಹೋದ ಎಡೆಗಳೂ, ಕಣ ಕಣಗಳ ನಡುವಣ ಸಂದುಗಳೂ ಸುಟ್ಟ ಮೇಲೆ ಹಾಗೆಯೇ ಉಳಿಯುತ್ತವೆ. ಒಣಗಿದ ಇಟ್ಟಿಗೆಯನ್ನು ನೀರಿನ ತೊಟ್ಟಿಗೆ ಹಾಕಿದಾಗ ಗುಳುಗುಳು ಸದ್ದಿನೊಡನೆ ಗುಳ್ಳೆಗಳು ಏಳುವುದನ್ನು ಮನೆ ಕಟ್ಟಿಸಿದವರೆಲ್ಲರೂ ಕಂಡಿದ್ದಾರೆ. ಒಳಗೆ ಅಡಗಿದ್ದ ಗಾಳಿಯನ್ನು ಹೊರದೂಡಿ ನೀರು ಅಲ್ಲಿ ಮನೆಮಾಡುವ ಸದ್ದು ಅದು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ಮೈ ಬೆವರುವುದೂ ಇಂಥ ರಂಧ್ರಗಳಿಂದಲೇ.

ಆದರೆ ರಂಧ್ರವಿದ್ದ ಮಾತ್ರಕ್ಕೆ ಗಾಳಿಗೆ ದಾರಿ ದೊರೆಯಿತೆಂದು ತಿಳಿಯಲಾಗದು. ಸೀಸೆಗೆ ಹಾಕುವ ಬೆಂಡಿನ ಬಿರಡೆಯನ್ನು ನೋಡಿ. ಅದರೊಳಗಿನ ಬಹುಭಾಗ ಗಾಳಿಯೇ. ಆದುದರಿಂದಲೇ ಅದು ನೀರಿನಲ್ಲಿ ತೇಲುತ್ತದೆ. ಆದರೂ ಸೀಸೆಯೊಳಗಿನ ವಾಸನೆಯನ್ನು ಹೊರಗೆ ಬಿಡುವುದಿಲ್ಲ. ಅದರ ಕೋಶಗಳು ಬಾಗಿಲಿಲ್ಲದ ಕೋಣೆಗಳಂತೆ. ಒಂದರಿಂದ ಮತ್ತೊಂದಕ್ಕೆ ಹೋಗುವ ದಾರಿಯಿಲ್ಲ. ಇಟ್ಟಿಗೆ ಹಾಗಲ್ಲ. ಅದು ಹಳೆಯ ಪೇಟೆಯ ಓಣಿಗಳಂತೆ: ಅಂಕುಡೊಂಕು, ಇಕ್ಕಟ್ಟು, ಅಲ್ಲಲ್ಲಿ ಕುರುಡು ಗಲ್ಲಿಗಳು, ಆದರೂ ಈ ಬೀದಿಯಿಂದ ಹೊಕ್ಕವನು ತಡಕಾಡಿ ಆ ಬೀದಿಗೆ ಹೊರಬೀಳಬಲ್ಲನು. ಬಟ್ಟೆ, ಹತ್ತಿ, ಮರಳು, ಸುಣ್ಣದ ಗಾರೆ, ಹೊಲದ ಮಣ್ಣು, ಇವೆಲ್ಲವೂ ಈ ಜಾತಿಗೆ ಸೇರಿದ ವಸ್ತುಗಳು.

ಈ ಓಣಿಗಳಲ್ಲಿ ಗಾಳಿ ಹೇಗೆ ಸಾಗುತ್ತದೆ? ಎಷ್ಟು ವೇಗದಲ್ಲಿ ಸಾಗುತ್ತದೆ? ವಿಚಿತ್ರವೆಂದರೆ, ಈ ಪ್ರಶ್ನೆಗಳಿಗೆ ಉತ್ತರವನ್ನು ಮೊದಲು ಒದಗಿಸಿದ್ದು ಗಾಳಿಯಲ್ಲ, ನೀರು.

ದಿಜೋನ್ ನಗರದ ಎಂಜಿನಿಯರ್

ಫ್ರಾನ್ಸಿನ ದಿಜೋನ್ ನಗರದಲ್ಲಿ ೧೮೦೩ರಲ್ಲಿ ಹುಟ್ಟಿದ ಆನ್ರಿ ದಾರ್ಸಿಯು ಎಂಜಿನಿಯರನಾಗಿ ತನ್ನ ಊರಿನ ಋಣವನ್ನು ಚೆನ್ನಾಗಿ ತೀರಿಸಿದನು. ಕೊಳಕು ಬಾವಿಗಳ ನೀರನ್ನೇ ನೆಚ್ಚಿದ್ದ ಆ ಊರಿಗೆ ಸುಮಾರು ೧೨ ಕಿಲೋಮೀಟರು ದೂರದ ರೊಜ್ವಾರ್ ಬುಗ್ಗೆಯಿಂದ ಮುಚ್ಚಿದ ಕಾಲುವೆಯಲ್ಲಿ ೧೮೪೦ರಲ್ಲಿ ಒಳ್ಳೆಯ ನೀರನ್ನು ತಂದನು. ಮುಂದೆ ನೀರನ್ನು ಮರಳಿನಲ್ಲಿ ಸೋಸುವ ಬಗೆಯನ್ನು ಅರಿಯಬೇಕೆಂದು, ಮರಳು ತುಂಬಿದ ಎತ್ತರದ ಕೊಳವೆಯೊಳಗೆ ನೀರನ್ನು ಹರಿಸಿ ಅಳತೆ ಮಾಡಿದನು. ದಿಜೋನ್ ನಗರದ ಕಾರಂಜಿಗಳನ್ನು ಕುರಿತು ೧೮೫೬ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಈ ಅಳತೆಗಳಿಂದ ಹೊರಟ ನಿಯಮವೊಂದು ಅಡಕವಾಗಿದೆ. ಇಂದಿಗೂ ಅದು ದಾರ್ಸಿಯ ನಿಯಮವೆಂದೇ ಹೆಸರಾಗಿದೆ.

ನಿಯಮ ಬಲು ಸರಳ. ಎರಡು ಬದಿಗಳ ಒತ್ತಡದ ಅಂತರವು ಇಮ್ಮಡಿಯಾದರೆ ಹರಿವೂ ಇಮ್ಮಡಿಯಾಗುತ್ತದೆ. ಮರಳಿನ ಹಾಸು ಇಮ್ಮಡಿ ದಪ್ಪವಾದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಹಾಸಿನ ಅಗಲ, ಎಂದರೆ ನೀರು ಹೊಗುವ ಮೇಲ್ಮೈ, ಇಮ್ಮಡಿಯಾದರೆ ಹರಿವು ಮತ್ತೆ ಇಮ್ಮಡಿ. ಇವಲ್ಲದೆ ಪ್ರತಿಯೊಂದು ವಸ್ತುವಿಗೂ ಅದರದೇ ಆದ 'ದಾರಿ ಕೊಡುವ ಗುಣ' ಒಂದುಂಟು. ದಪ್ಪ ಮರಳಿಗೆ ಅದು ಹೆಚ್ಚು, ನುಣುಪು ಜೇಡಿಗೆ ಅತ್ಯಲ್ಪ. ಮೆಲ್ಲನೆ ಸಾಗುವ ಗಾಳಿಯೂ ಇದೇ ನಿಯಮಕ್ಕೆ ತಲೆಬಾಗುತ್ತದೆ.

ಸಣ್ಣ ರಂಧ್ರಗಳು ಇಷ್ಟೊಂದು ಜಿಪುಣವಾಗುವುದೇಕೆ? ಗಾಳಿಗೂ ಒಂದು ಬಗೆಯ ಅಂಟುಗುಣವಿದೆ. ರಂಧ್ರದ ಗೋಡೆಗೆ ತಾಗಿದ ಗಾಳಿಯ ಪದರವು ಅಲ್ಲಿಯೇ ತಡೆದು ನಿಲ್ಲುತ್ತದೆ. ಅದರ ಪಕ್ಕದ ಪದರವನ್ನು ಅದು ಹಿಂದಕ್ಕೆ ಜಗ್ಗುತ್ತದೆ. ಅಗಲವಾದ ಕೊಳವೆಯಲ್ಲಿ ನಡುವಿನ ಗಾಳಿಗೆ ಈ ಜಗ್ಗಾಟ ಅಷ್ಟಾಗಿ ತಟ್ಟದು. ಕಿರಿದಾದ ರಂಧ್ರದಲ್ಲಿ ಎಲ್ಲವೂ ಗೋಡೆಯ ನೆರೆಹೊರೆಯೇ. ಜರ್ಮನಿಯ ಎಂಜಿನಿಯರ್ ಹಾಗೆನ್ ಮತ್ತು ಫ್ರಾನ್ಸಿನ ವೈದ್ಯ ಪ್ವಾಸೆಯ್ ಎಂಬವರು ೧೮೪೦ರ ಆಸುಪಾಸಿನಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಿ ಇದರ ಲೆಕ್ಕವನ್ನು ಕಂಡುಹಿಡಿದರು. ಕೊಳವೆಯ ಅಡ್ಡಳತೆ ಇಮ್ಮಡಿಯಾದರೆ ಹರಿವು ಇಮ್ಮಡಿಯಲ್ಲ, ನಾಲ್ಮಡಿಯೂ ಅಲ್ಲ, ಹದಿನಾರು ಮಡಿ ಹೆಚ್ಚುತ್ತದೆ!

ಈ ಹದಿನಾರರ ಮಹಿಮೆಯನ್ನು ಸ್ವಲ್ಪ ಮುಂದುವರಿಸಿ ನೋಡೋಣ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್. ಹತ್ತು ಮೈಕ್ರಾನ್ ಅಗಲದ ರಂಧ್ರಗಳುಳ್ಳ ಒಂದು ಪದರವಿದೆಯೆಂದು ಭಾವಿಸೋಣ. ಅದರಲ್ಲಿ ಎಲ್ಲಿಯೋ ಒಂದು ಕಡೆ ಒಂದು ಮಿಲಿಮೀಟರು ಅಗಲದ ತೂತು ಬಿದ್ದಿದೆ. ಇದರ ಅಡ್ಡಳತೆ ಸಣ್ಣ ರಂಧ್ರದ ನೂರು ಪಟ್ಟು. ಲೆಕ್ಕದ ಪ್ರಕಾರ, ಆ ಒಂದೇ ತೂತು ಹತ್ತು ಕೋಟಿ ಸಣ್ಣ ರಂಧ್ರಗಳಷ್ಟು ಗಾಳಿಯನ್ನು ಸಾಗಿಸಬಲ್ಲದು. ಸಾಸಿವೆ ಕಾಳು ತೂರುವಷ್ಟೂ ದೊಡ್ಡದಲ್ಲದ ಒಂದು ಸಂದು ಹತ್ತು ಕೋಟಿ ರಂಧ್ರಗಳಿಗೆ ಸರಿಸಮ! ಮುಂದಿನ ಕಥೆಗೆಲ್ಲ ಈ ಲೆಕ್ಕವೇ ಬೀಗದ ಕೈ.

ಗಾಳಿಯಾಡುವ ಬಟ್ಟೆ ಬೆಚ್ಚಗಿರುವುದೇಕೆ?

ಪೆಟೆನ್‌ಕೋಫರನು ೧೮೭೨ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಸಾಮಾನ್ಯ ಜನರಿಗಾಗಿ ಕೆಲವು ಉಪನ್ಯಾಸಗಳನ್ನು ಮಾಡಿದನು. ಉಡುವ ಬಟ್ಟೆ, ವಾಸಿಸುವ ಮನೆ, ನಿಂತಿರುವ ನೆಲ, ಈ ಮೂರಕ್ಕೂ ಗಾಳಿಗೂ ಇರುವ ನಂಟೇ ಅವುಗಳ ವಿಷಯ. ಗಾಳಿಯನ್ನು ಒಳಗೆ ಬಿಡದ ಬಟ್ಟೆಯೇ ಬೆಚ್ಚನೆಯ ಬಟ್ಟೆಯೆಂದು ಜನ ನಂಬಿದ್ದರು. ಅವನು ಬಗೆಬಗೆಯ ಬಟ್ಟೆಗಳ ಮೂಲಕ ಗಾಳಿಯನ್ನು ಹಾಯಿಸಿ ಅಳೆದಾಗ ತೋರಿಬಂದುದು ತೀರ ಬೇರೆ. ಉಣ್ಣೆಯ ಫ್ಲಾನಲ್ ಬಟ್ಟೆಯೇ ಎಲ್ಲಕ್ಕಿಂತ ಧಾರಾಳವಾಗಿ ಗಾಳಿ ಬಿಡುತ್ತಿತ್ತು. ಕೈಗವಸಿನ ನುಣುಪು ತೊಗಲು ಹೆಚ್ಚುಕಡಿಮೆ ಏನನ್ನೂ ಬಿಡುತ್ತಿರಲಿಲ್ಲ. ಆದರೆ ಚಳಿಯಲ್ಲಿ ಮೈಗೆ ಹಿತವಾಗಿರುವುದು ಫ್ಲಾನಲ್ಲೇ.

ಈ ಒಗಟಿಗೆ ಉತ್ತರ ಗಾಳಿಯ ವೇಗದಲ್ಲಿದೆ. ಉಣ್ಣೆಯ ಎಳೆಗಳ ನಡುವಿನ ಗಾಳಿ ತೀರ ನಿಂತೂ ಇರುವುದಿಲ್ಲ, ಬೀಸುವುದೂ ಇಲ್ಲ, ತೆವಳುತ್ತದೆ. ಹಾಗೆ ತೆವಳುವಾಗ ಮೈಯ ಬಿಸಿಯನ್ನು ಬೇಗನೆ ಹೊತ್ತೊಯ್ಯಲಾರದು; ಬೆವರಿನ ಆವಿಯನ್ನು ಮಾತ್ರ ಮೆಲ್ಲನೆ ಹೊರಗೆ ಸಾಗಿಸುತ್ತದೆ. ಒಳ್ಳೆಯ ಬಟ್ಟೆ ಗಾಳಿಯನ್ನು ಸೆರೆಹಿಡಿಯುವುದಿಲ್ಲ, ಅದರ ನಡಿಗೆಯನ್ನು ನಿಧಾನಗೊಳಿಸುತ್ತದೆ. ಮಳೆಯಂಗಿ ತೊಟ್ಟು ನಡೆದವನು ಒಳಗೆ ಬೆವರಿನಿಂದ ತೊಯ್ಯುವುದೂ, ಉಣ್ಣೆಯ ಶಾಲು ಹೊದ್ದವನು ಹಾಯಾಗಿರುವುದೂ ಇದೇ ಕಾರಣದಿಂದ.

ಇದೇ ಇಟ್ಟಿಗೆ, ಬಟ್ಟೆಗಳು ಒದ್ದೆಯಾದಾಗ ಸಂಗತಿ ಬದಲಾಗುತ್ತದೆ. ರಂಧ್ರಗಳಲ್ಲಿ ನೀರು ತುಂಬಿಕೊಂಡರೆ ಗಾಳಿಯ ದಾರಿ ಮುಚ್ಚಿತೆಂದೇ ಅರ್ಥ. ಕಿರಿದಾದ ರಂಧ್ರದಲ್ಲಿ ನೀರು ಎಷ್ಟು ಬಿಗಿಯಾಗಿ ಕಚ್ಚಿಕೊಳ್ಳುವುದೆಂದರೆ ಸಾಮಾನ್ಯ ಉಸಿರಿನ ಒತ್ತಡ ಅದನ್ನು ಕದಲಿಸಲಾರದು. ನೀರು ಕುಡಿದ ಇಟ್ಟಿಗೆಯ ಮೂಲಕ ಎಷ್ಟು ಊದಿದರೂ ಆಚೆಯ ದೀಪ ಆರುವುದಿಲ್ಲ.

ಪ್ರಾಧ್ಯಾಪಕನ ಕೋಣೆ

ಪೆಟೆನ್‌ಕೋಫರನಿಗೆ ಗೋಡೆಗಳ ಬಗ್ಗೆ ಇಷ್ಟು ಆಸಕ್ತಿ ಹುಟ್ಟಿದ್ದು ಮನೆಯೊಳಗಿನ ಕೆಟ್ಟ ಗಾಳಿಯ ಚಿಂತೆಯಿಂದ. ಜನ ತುಂಬಿದ ಕೋಣೆಯಲ್ಲಿ ಉಸಿರಿನಿಂದ ಹೊರಬಿದ್ದ ಇಂಗಾಲಾಮ್ಲ ಅನಿಲದ ಪ್ರಮಾಣವನ್ನು ಅಳೆದರೆ ಗಾಳಿ ಎಷ್ಟು ಕೆಟ್ಟಿದೆಯೆಂದು ಹೇಳಬಹುದೆಂದು ತೋರಿಸಿಕೊಟ್ಟವನು ಅವನೇ. ಸಾವಿರ ಭಾಗ ಗಾಳಿಯಲ್ಲಿ ಆ ಅನಿಲ ಒಂದು ಭಾಗವನ್ನು ಮೀರಬಾರದೆಂದು ಅವನು ಹಾಕಿದ ಮಿತಿಯನ್ನು ಕಟ್ಟಡಗಳ ತಜ್ಞರು ಇಂದಿಗೂ ನೆನೆಯುತ್ತಾರೆ.

ಅವನು ತನ್ನ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡನು. ಹೊರಗೆ ಚಳಿ, ಒಳಗೆ ಬೆಚ್ಚಗೆ. ಕಿಟಕಿ ಬಾಗಿಲುಗಳನ್ನು ಮುಚ್ಚಿದ್ದರೂ ಗಂಟೆಗೆ ಸುಮಾರು ೭೫ ಘನ ಮೀಟರಿನಷ್ಟು ಹೊಸ ಗಾಳಿ ಕೋಣೆಗೆ ಬರುತ್ತಿದ್ದುದು ಅನಿಲದ ಅಳತೆಯಿಂದ ತಿಳಿದುಬಂತು. ಆ ಮೇಲೆ ಕಣ್ಣಿಗೆ ಬಿದ್ದ ಸಂದುಗೊಂದುಗಳಿಗೆಲ್ಲ ಕಾಗದ ಅಂಟಿಸಿ ಮತ್ತೆ ಅಳೆದನು. ಗಾಳಿಯ ಬರವು ೫೪ ಘನ ಮೀಟರಿಗೆ ಇಳಿಯಿತೇ ಹೊರತು ನಿಲ್ಲಲಿಲ್ಲ. ಹಾಗಾದರೆ ಉಳಿದ ಗಾಳಿ ಎಲ್ಲಿಂದ ಬಂತು? ಗೋಡೆಯ ಇಟ್ಟಿಗೆಗಳಿಂದಲೇ ಎಂದು ಅವನು ತೀರ್ಮಾನಿಸಿದನು. ಗೋಡೆಗಳು ಉಸಿರಾಡುತ್ತವೆ ಎಂಬ ಮಾತು ಅಲ್ಲಿಂದ ಲೋಕದಲ್ಲಿ ಹಬ್ಬಿತು.

ಮಾತು ಸೊಗಸಾಗಿತ್ತು, ಆದರೆ ನಿಜವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಗೋಡೆಗಳನ್ನು ನೇರವಾಗಿ ಪರೀಕ್ಷಿಸಿದಾಗ, ಗಾರೆ ಬಳಿದ ಇಟ್ಟಿಗೆಯ ಗೋಡೆಯಿಂದ ಒಳಬರುವ ಗಾಳಿ ಲೆಕ್ಕಕ್ಕೆ ಬಾರದಷ್ಟು ಕಡಿಮೆಯೆಂದು ಗೊತ್ತಾಯಿತು. ದೀಪವಾರಿಸಿದ ಪ್ರಯೋಗ ಸುಳ್ಳಲ್ಲ. ಆದರೆ ಅಲ್ಲಿ ಬಾಯಿಂದ ಊದಿದ ಗಾಳಿಯ ಒತ್ತಡವು ಮನೆಯ ಒಳಗೂ ಹೊರಗೂ ಇರುವ ಒತ್ತಡದ ಅಂತರಕ್ಕಿಂತ ನೂರಾರು ಪಟ್ಟು ಹೆಚ್ಚು. ಜೊತೆಗೆ, ಇಟ್ಟಿಗೆಯ ಮೈಯಿಂದ ತೆವಳಿ ಬಂದ ಗಾಳಿಯನ್ನೆಲ್ಲ ಆಲಿಕೆಯು ಒಂದುಗೂಡಿಸಿ ಸಣ್ಣ ಬಾಯಿಯಿಂದ ಜ್ವಾಲೆಯ ಮೇಲೆ ಹಾಯಿಸುತ್ತಿತ್ತು. ಅವನ ಕೋಣೆಗೆ ಗಾಳಿ ಬಂದುದು ಕಾಗದಕ್ಕೆ ಸಿಕ್ಕದ ಬೇರೆ ಸಂದುಗಳಿಂದ: ನೆಲದ ಹಲಗೆಗಳ ನಡುವಿನಿಂದ, ತೊಲೆಗಳು ಗೋಡೆಗೆ ಸೇರುವ ಎಡೆಗಳಿಂದ.

ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡಿಗೆಮನೆಯ ಹೊಗೆ ಮಾಡಿನ ಮೇಲೆ ನೀಲಿಯಾಗಿ ಹರಡುವುದು ಸುಟ್ಟ ಹೆಂಚಿನ ರಂಧ್ರಗಳಿಂದಲ್ಲ. ಹೆಂಚು ಹೆಂಚುಗಳ ನಡುವಣ ಸಂದುಗಳಿಂದ. ಹೊಗೆಗೆ ಯಾವ ಶಾಸ್ತ್ರವೂ ಗೊತ್ತಿಲ್ಲ. ಆದರೂ ಸುಲಭದ ದಾರಿ ಯಾವುದೆಂಬುದನ್ನು ಅದು ತಪ್ಪದೆ ಕಂಡುಕೊಳ್ಳುತ್ತದೆ.

ಪೆಟೆನ್‌ಕೋಫರನ ಈ ಎಣಿಕೆ ತಪ್ಪಿದುದರಿಂದ ಯಾರ ಜೀವಕ್ಕೂ ಎರವಾಗಲಿಲ್ಲ. ಆದರೆ ಅವನು ತೀರಿಕೊಂಡ ಹತ್ತು ವರ್ಷಗಳೊಳಗೆ, ಉಸಿರಿನ ಗಾಳಿ ಯಾವ ದಾರಿಯಿಂದ ಬರುತ್ತದೆಂಬ ಈ ಪ್ರಶ್ನೆಯೇ ಚೀನ ದೇಶದ ಒಂದು ಮೂಲೆಯಲ್ಲಿ ಸಾವಿರಾರು ಜನರ ಅಳಿವು ಉಳಿವಿನ ಪ್ರಶ್ನೆಯಾಯಿತು.

ಹಾರ್ಬಿನ್ನಿನ ಹಿಮದಲ್ಲಿ

೧೯೧೦ರ ಚಳಿಗಾಲ. ಈಶಾನ್ಯ ಚೀನದ ಮಂಚೂರಿಯ ಪ್ರಾಂತದಲ್ಲಿ, ರೈಲುದಾರಿಯ ಕೇಂದ್ರವಾಗಿದ್ದ ಹಾರ್ಬಿನ್ ನಗರದ ಪಕ್ಕದ ಫುಜಿಯಾದಿಯಾನ್ ಪೇಟೆಯಲ್ಲಿ ಜನರು ಜ್ವರ ಬಂದು, ರಕ್ತ ಕೆಮ್ಮಿ, ಒಂದೆರಡು ದಿನಗಳಲ್ಲಿ ಸಾಯುತ್ತಿದ್ದರು. ತುಪ್ಪುಳಿಗಾಗಿ ಮಾರ್ಮೊಟ್ ಎಂಬ ಬಿಲವಾಸಿ ಪ್ರಾಣಿಗಳನ್ನು ಬೇಟೆಯಾಡುತ್ತಿದ್ದವರಿಂದ ಹೊರಟ ಆ ರೋಗ ರೈಲಿನ ಜೊತೆಗೆ ಊರಿಂದ ಊರಿಗೆ ಸಾಗುತ್ತಿತ್ತು. ಚೀನದ ಸರಕಾರವು ೩೧ ವರ್ಷ ವಯಸ್ಸಿನ ಡಾಕ್ಟರ್ ವೂ ಲಿಯೆನ್-ತೆಯನ್ನು ಅಲ್ಲಿಗೆ ಕಳುಹಿಸಿತು. ಮಲಯದ ಪಿನಾಂಗಿನಲ್ಲಿ ಹುಟ್ಟಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವೈದ್ಯಶಾಸ್ತ್ರ ಕಲಿತ ಈ ತರುಣನು ಆಗ ತಿಯೆನ್‌ತ್ಸಿನ್ ನಗರದ ಸೈನಿಕ ವೈದ್ಯಕೀಯ ವಿದ್ಯಾಲಯದಲ್ಲಿ ಅಧಿಕಾರಿಯಾಗಿದ್ದನು.

ಡಿಸೆಂಬರ್ ಕೊನೆಯಲ್ಲಿ, ರೋಗದಿಂದ ಸತ್ತ ಒಬ್ಬ ಹೆಂಗಸಿನ ಶವವನ್ನು ಪರೀಕ್ಷಿಸಿದ ವೂಗೆ ರೋಗಾಣು ಕಂಡಿತು. ಅದು ಪ್ಲೇಗು. ಆದರೆ ೧೮೯೮ರಲ್ಲಿ ಬೆಂಗಳೂರನ್ನು ನಡುಗಿಸಿದ, ಗಡ್ಡೆ ಕಟ್ಟುವ ಪ್ಲೇಗಿನಂತೆ ಇದು ಇಲಿಯ ಚಿಗಟಗಳಿಂದ ಹರಡುತ್ತಿರಲಿಲ್ಲ. ಇದು ಶ್ವಾಸಕೋಶವನ್ನೇ ಹಿಡಿದ ಪ್ಲೇಗು. ಕೆಮ್ಮಿನ ತುಂತುರಿನೊಡನೆ, ಉಸಿರಿನಿಂದ ಉಸಿರಿಗೆ ಹರಡುತ್ತದೆಂದು ವೂ ಹೇಳಿದನು. ರೋಗಿಗಳನ್ನೂ ಅವರ ಸಂಗದಲ್ಲಿದ್ದವರನ್ನೂ ಬೇರೆಯಿಡಬೇಕು. ಎಲ್ಲರೂ ಮೂಗುಬಾಯಿಗೆ ಬಟ್ಟೆ ಕಟ್ಟಬೇಕೆಂದು ವಿಧಿಸಿದನು.

ಆ ಬಟ್ಟೆ ತೀರ ಸಾಧಾರಣವಾದದ್ದು. ಗಾಯಕ್ಕೆ ಸುತ್ತುವ ತೆಳು ಬಟ್ಟೆಯ ಪದರಗಳ ನಡುವೆ ಒಂದು ಹತ್ತಿಯ ದಿಂಡು. ಬಟ್ಟೆಯ ಎರಡು ತುದಿಗಳನ್ನೂ ಸೀಳಿ, ಕಿವಿಯ ಮೇಲಿನಿಂದಲೂ ಕೆಳಗಿನಿಂದಲೂ ಹಾಯಿಸಿ, ತಲೆಯ ಹಿಂದೆ ಗಂಟುಹಾಕಬೇಕು. ಹತ್ತಿಯ ದಿಂಡು ಉಸಿರಿಗೆ ದಟ್ಟವಾದ ದಾರಿ. ಸೀಳಿದ ತುದಿಗಳು ಆ ದಾರಿಯ ಹೊರತು ಬೇರೆ ದಾರಿ ಉಳಿಯದಂತೆ ಮುಖಕ್ಕೆ ಅದನ್ನು ಬಿಗಿಯುವ ಕಟ್ಟು.

೧೯೧೧ರ ಜನವರಿಯ ಆರಂಭದಲ್ಲಿ ಡಾಕ್ಟರ್ ಮೆನಿ ಎಂಬ ಫ್ರೆಂಚ್ ವೈದ್ಯನು ಹಾರ್ಬಿನ್‌ಗೆ ಬಂದನು. ವಯಸ್ಸಿನಲ್ಲಿ ಹಿರಿಯ, ತಿಯೆನ್‌ತ್ಸಿನ್ನಿನ ವೈದ್ಯಕೀಯ ವಿದ್ಯಾಲಯದಲ್ಲಿ ಪ್ರಾಧ್ಯಾಪಕ, ಹಿಂದೆ ಪ್ಲೇಗನ್ನು ಕಣ್ಣಾರೆ ಕಂಡವನು. ಪ್ಲೇಗು ಹರಡುವುದು ಇಲಿಗಳಿಂದಲೇ ಎಂದು ಅವನು ದೃಢವಾಗಿ ನಂಬಿದ್ದನು. ತರುಣನಾದ ವೂ ಹೇಳಿದ ಮಾತು ಅವನಿಗೆ ಹಿಡಿಸಲಿಲ್ಲ; ಇಬ್ಬರಿಗೂ ಬಿರುಸಾದ ವಾಗ್ವಾದವಾಯಿತು. ತರುವಾಯ ಮೆನಿ ರಷ್ಯನ್ನರ ಆಸ್ಪತ್ರೆಗೆ ಹೋಗಿ ಪ್ಲೇಗಿನ ರೋಗಿಗಳನ್ನು ಮುಖಕ್ಕೆ ಬಟ್ಟೆ ಕಟ್ಟದೆಯೇ ಪರೀಕ್ಷಿಸಿದನು. ಜನವರಿ ೧೧ರಂದು ಅದೇ ಪ್ಲೇಗಿನಿಂದ ಅವನು ಸತ್ತನು.

ಪೆಟೆನ್‌ಕೋಫರನೂ ತನ್ನ ವಾದದ ಹಟದಲ್ಲಿ ಮೆನಿಗೆ ಕಡಿಮೆಯಾದವನಲ್ಲ. ರೋಗಾಣುವೊಂದರಿಂದಲೇ ಕಾಲರ ಬಾರದೆಂದು ಸಾಧಿಸಲು ೧೮೯೨ರಲ್ಲಿ, ತನ್ನ ೭೩ನೆಯ ವಯಸ್ಸಿನಲ್ಲಿ, ಕಾಲರದ ರೋಗಾಣುಗಳಿದ್ದ ದ್ರವವನ್ನು ಕುಡಿದಿದ್ದನು. ದೈವವಶಾತ್ ಅವನು ಬದುಕಿದನು. ಮೆನಿಗೆ ಆ ಅದೃಷ್ಟವಿರಲಿಲ್ಲ.

ಆ ಸಾವಿನ ಸುದ್ದಿ ಹಾರ್ಬಿನ್ ನಗರವನ್ನು ಬೆಚ್ಚಿಬೀಳಿಸಿತು. ಅಲ್ಲಿಯವರೆಗೆ ಮುಖದ ಬಟ್ಟೆಯನ್ನು ಹಗುರವಾಗಿ ಕಂಡವರೂ ಅದನ್ನು ಕಟ್ಟತೊಡಗಿದರು. ರೈಲಿನ ಡಬ್ಬಿಗಳು ರೋಗಿಗಳ ಸಂಗದಲ್ಲಿದ್ದವರನ್ನು ಬೇರೆಯಿಡುವ ಬಿಡಾರಗಳಾದುವು. ನೆಲ ಹೆಪ್ಪುಗಟ್ಟಿ ಹೂಳಲಾಗದೆ ಉಳಿದಿದ್ದ ಎರಡು ಸಾವಿರಕ್ಕೂ ಹೆಚ್ಚಿನ ಶವಗಳನ್ನು, ರಾಜಾಜ್ಞೆ ಪಡೆದು, ಜನವರಿ ೩೧ರಂದು ಸುಡಲಾಯಿತು. ಮಾರ್ಚ್ ತಿಂಗಳ ಆರಂಭದಲ್ಲಿ ಆ ಪೇಟೆಯಲ್ಲಿ ರೋಗ ನಿಂತಿತು. ಅಷ್ಟರಲ್ಲಿ ಮಂಚೂರಿಯದಲ್ಲೆಲ್ಲ ಸುಮಾರು ೬೦,೦೦೦ ಜನ ಅಳಿದಿದ್ದರು. ರೋಗವನ್ನು ನಿಲ್ಲಿಸಿದ್ದು ಬಟ್ಟೆಯೊಂದೇ ಅಲ್ಲ. ಆದರೆ ರೋಗ ಬರುವುದು ಉಸಿರಿನ ದಾರಿಯಿಂದ ಎಂಬ ಅರಿವೇ ಎಲ್ಲ ಕ್ರಮಗಳಿಗೂ ತಳಹದಿಯಾಯಿತು.

ಜರಡಿಯಲ್ಲ, ಕಾಡು

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹತ್ತಿಯ ಎಳೆಗಳ ನಡುವಿನ ಎಡೆ ರೋಗಾಣುವಿಗಿಂತ ಎಷ್ಟೋ ಪಟ್ಟು ದೊಡ್ಡದು. ಆನೆ ಹೋಗುವ ಬಾಗಿಲಲ್ಲಿ ಇರುವೆ ಸಿಕ್ಕಿಬೀಳುವುದುಂಟೆ?

ಸೋಸುವ ಬಟ್ಟೆಯನ್ನು ಜರಡಿಯೆಂದು ಭಾವಿಸುವುದರಿಂದ ಈ ಸಂದೇಹ ಹುಟ್ಟುತ್ತದೆ. ಜರಡಿ ಹಿಟ್ಟನ್ನು ಅಳತೆ ನೋಡಿ ಬೇರೆ ಮಾಡುತ್ತದೆ. ಎಳೆಗಳ ದಿಂಡು ಹಾಗಲ್ಲ. ಅದೊಂದು ದಟ್ಟ ಕಾಡು. ಗಾಳಿ ಮರಗಳ ನಡುವೆ ಬಳುಕಿ ಸಾಗುತ್ತದೆ. ಅದರೊಡನೆ ಬಂದ ಕಣಗಳಲ್ಲಿ ದೊಡ್ಡವು ಬೆದರಿ ಓಡುವ ಹೋರಿಯಂತೆ. ತಿರುವಿನಲ್ಲಿ ತಿರುಗಲಾರದೆ ನೇರವಾಗಿ ಮರಕ್ಕೆ ಢಿಕ್ಕಿ ಹೊಡೆಯುತ್ತವೆ. ತೀರ ಸಣ್ಣವು ಕುಡುಕನಂತೆ. ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅತ್ತಿತ್ತ ತೂರಾಡುತ್ತ ಯಾವುದೋ ಮರಕ್ಕೆ ಬಂದು ತಾಗುತ್ತವೆ. ತೂರಾಟದ ಈ ಕಾರಣವನ್ನು ಐನ್‌ಸ್ಟೈನನು ೧೯೦೫ರಲ್ಲಿ ಲೆಕ್ಕಮಾಡಿ ತೋರಿಸಿದ್ದನು. ಎಳೆಗೆ ಒಮ್ಮೆ ತಾಗಿದ ಕಣ ಅಲ್ಲಿಯೇ ಅಂಟಿಕೊಳ್ಳುತ್ತದೆ. ಅಷ್ಟು ಸಣ್ಣ ವಸ್ತುಗಳ ಲೋಕದಲ್ಲಿ ತಾಗುವುದೆಂದರೆ ಅಂಟುವುದೇ.

ಕಷ್ಟವಿರುವುದು ನಡುವಿನ ಗಾತ್ರದವುಗಳಲ್ಲಿ. ಢಿಕ್ಕಿ ಹೊಡೆಯುವಷ್ಟು ಭಾರವೂ ಇಲ್ಲದ, ತೂರಾಡುವಷ್ಟು ಹಗುರವೂ ಅಲ್ಲದ ಕಣಗಳು ಗಾಳಿಯ ಜಾಡನ್ನೇ ಹಿಡಿದು ಜಾಣತನದಿಂದ ನುಸುಳಿಬಿಡುತ್ತವೆ. ಅವುಗಳ ಗಾತ್ರ ಸುಮಾರು ೦.೩ ಮೈಕ್ರಾನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಈ ವಿಷಯದ ಲೆಕ್ಕ ಹಾಕಿದ್ದನು. ಅಂದಿನಿಂದ ಸೋಸುವ ವಸ್ತುಗಳನ್ನು ಈ ಗಾತ್ರದ ಕಣಗಳಿಂದಲೇ ಪರೀಕ್ಷಿಸುವ ರೂಢಿ ಬಂತು. ಅವನ್ನು ಹಿಡಿದ ಸೋಸುಕ ಉಳಿದೆಲ್ಲವನ್ನೂ ಅದಕ್ಕಿಂತ ಸುಲಭವಾಗಿ ಹಿಡಿಯುತ್ತದೆ.

ಹೆಚ್ಚು ಹಿಡಿಯಬೇಕಾದರೆ ಕಾಡನ್ನು ದಟ್ಟಗೊಳಿಸಬೇಕು. ಆದರೆ ದಾರ್ಸಿಯ ನಿಯಮ ಸುಮ್ಮನಿರುವುದೆ? ದಪ್ಪ ಹೆಚ್ಚಿದಷ್ಟೂ ಉಸಿರಾಟ ಕಷ್ಟ. ಇದಕ್ಕೆ ಎರಡು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಮೊದಲನೆಯದು ನೆರಿಗೆ. ಅಗಲವಾದ ಹಾಳೆಯನ್ನು ಸೀರೆಯ ನೆರಿಗೆಯಂತೆ ಮಡಿಸಿ ಇಕ್ಕಟ್ಟಾದ ಚೌಕಟ್ಟಿನಲ್ಲಿ ಕೂರಿಸಿದರೆ ಗಾಳಿ ಹೊಗುವ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ, ತಡೆ ತಗ್ಗುತ್ತದೆ. ಆಸ್ಪತ್ರೆಯ ಶಸ್ತ್ರಕ್ರಿಯೆಯ ಕೋಣೆಯಲ್ಲಿ, ಮೋಟಾರು ಕಾರಿನ ಎಂಜಿನ್ನಿನಲ್ಲಿ, ಮನೆಯ ಗಾಳಿ ಶುದ್ಧಿ ಮಾಡುವ ಯಂತ್ರದಲ್ಲಿ ಇರುವುದು ಇಂಥ ನೆರಿಗೆಯೇ.

ಎರಡನೆಯ ಉಪಾಯ ಎಳೆಗಳಿಗೆ ವಿದ್ಯುತ್ತಿನ ಆವೇಶ ಕೊಡುವುದು. ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಹಿಡಿದರೆ ಕಾಗದದ ಚೂರುಗಳು ಹಾರಿಬಂದು ಅಂಟುವಂತೆ, ಆವೇಶ ಪಡೆದ ಎಳೆಗಳು ನುಸುಳಿ ಹೋಗುವ ಕಣಗಳನ್ನು ತಮ್ಮತ್ತ ಸೆಳೆಯುತ್ತವೆ. ಕಾಡನ್ನು ದಟ್ಟಗೊಳಿಸದೆಯೇ ಬೇಟೆ ಹೆಚ್ಚುತ್ತದೆ, ಉಸಿರೂ ಹಗುರವಾಗಿರುತ್ತದೆ. ತೈವಾನಿನಲ್ಲಿ ಹುಟ್ಟಿ ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಪೀಟರ್ ತ್ಸಾಯ್ ಅವರು ಪ್ಲಾಸ್ಟಿಕ್ಕಿನ ಅತಿ ಸೂಕ್ಷ್ಮ ಎಳೆಗಳಿಗೆ ಹೀಗೆ ಆವೇಶ ಕೊಡುವ ಒಳ್ಳೆಯ ವಿಧಾನವೊಂದನ್ನು ೧೯೯೦ರ ದಶಕದಲ್ಲಿ ರೂಪಿಸಿದರು. 'ಎನ್-೯೫' ಎಂಬ ಮುಖಗವಸುಗಳ ತಯಾರಿಕೆಯಲ್ಲಿ ಅದು ಬಹಳ ಉಪಯೋಗಕ್ಕೆ ಬಂತು. ಅತ್ಯಂತ ಕಷ್ಟದ ಗಾತ್ರದ ಕಣಗಳಲ್ಲಿಯೂ ನೂರಕ್ಕೆ ಕನಿಷ್ಠ ೯೫ನ್ನು ಪರೀಕ್ಷೆಯಲ್ಲಿ ಹಿಡಿಯಬೇಕೆಂಬುದೇ ಆ ಸಂಖ್ಯೆಯ ಅರ್ಥ.

ಅಂಚಿನಲ್ಲಿದೆ ಅಪಾಯ

೨೦೨೦ರಲ್ಲಿ ಕೋವಿಡ್ ಲೋಕವನ್ನೆಲ್ಲ ಆವರಿಸಿದಾಗ ಮುಖಗವಸು ಮನೆಮನೆಯ ಮಾತಾಯಿತು. ಯಾವ ಬಟ್ಟೆ ಒಳ್ಳೆಯದು, ಎಷ್ಟು ಪದರವಿರಬೇಕು ಎಂದು ಎಲ್ಲೆಡೆಯೂ ಚರ್ಚೆ ನಡೆಯಿತು. ಬಟ್ಟೆಯ ಅಂಚಿನ ವಿಚಾರಕ್ಕೆ ಮಾತ್ರ ಅಷ್ಟು ಗಮನ ಸಲ್ಲಲಿಲ್ಲ. ಮೂಗಿನ ಇಕ್ಕೆಲಗಳಲ್ಲಿ, ಕೆನ್ನೆಯ ಬದಿಗಳಲ್ಲಿ ಉಳಿದ ಸಂದುಗಳೇ ಉಸಿರಿಗೆ ಹೆದ್ದಾರಿಯಾಗುತ್ತವೆ. ಕನ್ನಡಕ ಹಾಕುವವರಿಗೆ ಇದರ ಸಾಕ್ಷಿ ಕಣ್ಣೆದುರಿಗೇ ಇರುತ್ತದೆ: ಗಾಜು ಮಸುಕಾಯಿತೆಂದರೆ ಬಿಸಿಯುಸಿರು ಬಟ್ಟೆಯನ್ನು ಬಿಟ್ಟು ಮೂಗಿನ ಪಕ್ಕದ ಸಂದಿನಿಂದ ಮೇಲೇರುತ್ತಿದೆಯೆಂದೇ ಅರ್ಥ.

ಇಲ್ಲಿಯೇ ಆ ಹತ್ತು ಕೋಟಿಯ ಲೆಕ್ಕವನ್ನು ನೆನೆಯಬೇಕು. ಸಡಿಲವಾದ ಗವಸಿನ ಬಟ್ಟೆಯನ್ನು ಇನ್ನಷ್ಟು ದಟ್ಟಮಾಡಿದರೆ ರಕ್ಷಣೆ ಹೆಚ್ಚುವುದೆಂದು ತೋರಬಹುದು. ಆಗುವುದು ಅದಕ್ಕೆ ವಿರುದ್ಧ. ಬಟ್ಟೆಯ ತಡೆ ಹೆಚ್ಚಿದಷ್ಟ

ೂ ಗಾಳಿ ಹೆಚ್ಚು ಹೆಚ್ಚಾಗಿ ಸಂದಿನತ್ತ ತಿರುಗುತ್ತದೆ. ಒದ್ದೆಯಾದ ಗವಸಿನ ಸ್ಥಿತಿಯೂ ಹೀಗೆಯೇ: ನೀರು ಕುಡಿದ ಇಟ್ಟಿಗೆಯಂತೆ ಅದರ ರಂಧ್ರಗಳು ಮುಚ್ಚಿ, ಉಸಿರು ಪಕ್ಕದ ದಾರಿ ಹಿಡಿಯುತ್ತದೆ. ಆಸ್ಪತ್ರೆ, ಕಾರ್ಖಾನೆಗಳಲ್ಲಿ ಇಂಥ ಗವಸು ತೊಡುವವರ ಮುಖಕ್ಕೆ ಅದು ಸರಿಯಾಗಿ ಕೂರುವುದೋ ಎಂದು ಪರೀಕ್ಷಿಸುವ ಪದ್ಧತಿಯಿದೆ. ಗಡ್ಡದ ಕೂದಲು ಕೂಡ ಗವಸಿಗೂ ಚರ್ಮಕ್ಕೂ ನಡುವೆ ದಾರಿ ಮಾಡಿಕೊಡುವುದರಿಂದ, ಅಪಾಯದ ಕೆಲಸದಲ್ಲಿರುವವರಿಗೆ ಮುಖಕ್ಷೌರ ಮಾಡಿಕೊಳ್ಳಲು ಹೇಳುತ್ತಾರೆ. ಇನ್ನು ಎನ್-೯೫ ಗವಸನ್ನು ಸಾಬೂನಿನಿಂದಲೋ ಮದ್ಯಸಾರದಿಂದಲೋ ತೊಳೆಯುವುದೂ ಸಲ್ಲದು. ತೊಳೆದರೆ ಕೊಳೆಯ ಜೊತೆಗೆ ಎಳೆಗಳ ಆವೇಶವೂ ಹೋಗುತ್ತದೆ. ಕಣ್ಣಿಗೆ ಗವಸು ಮೊದಲಿನಂತೆಯೇ ಕಾಣುತ್ತದೆ, ಕೆಲಸ ಮಾತ್ರ ಮಾಡದು.

ಮನೆಯ ಧೂಳು ಹೀರುವ ಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಸೋಸುಕದಲ್ಲಿ ಧೂಳು ಕಟ್ಟಿದಷ್ಟೂ ಅದರ ತಡೆ ಹೆಚ್ಚುತ್ತದೆ; ಅಂಚಿನ ರಬ್ಬರು ಸಡಿಲವಾಗಿದ್ದರೆ ಸೋಸದ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಕಾಲಕಾಲಕ್ಕೆ ಸೋಸುಕವನ್ನು ಶುಚಿಮಾಡುವುದು, ಬದಲಾಯಿಸುವುದು ಎಷ್ಟು ಅಗತ್ಯವೋ ಅದರ ಅಂಚು ಸರಿಯಾಗಿ ಕೂತಿದೆಯೇ ಎಂದು ನೋಡುವುದೂ ಅಷ್ಟೇ ಅಗತ್ಯ.

ಒಂದು ಕೋಣೆಯ ಸಂದುಗಳನ್ನೆಲ್ಲ ಮುಚ್ಚಿದೆನೆಂದು ನಂಬಿದ ಪ್ರಾಧ್ಯಾಪಕನನ್ನು ಗಾಳಿ ಏಮಾರಿಸಿತು. ಉಸಿರಿಗೆ ಕಾವಲು ಬೇಕಿಲ್ಲವೆಂದು ನಂಬಿದ ವೈದ್ಯನನ್ನು ಅದು ಕೊಂದಿತು. ಗಾಳಿಗೆ ಇಬ್ಬರ ಮೇಲೂ ದ್ವೇಷವಿರಲಿಲ್ಲ. ತೆರೆದಿದ್ದ ದಾರಿಯಲ್ಲಿ ಅದು ಹರಿಯಿತು, ಅಷ್ಟೆ. ಮನೆಯಲ್ಲಿ ಕೆಮ್ಮುವ ರೋಗಿಯ ಶುಶ್ರೂಷೆಗೆ ಹೋಗುವ ತಾಯಿಯೋ ಮಗಳೋ ಮುಖಗವಸಿನ ಮೇಲಂಚಿನ ಸಣ್ಣ ತಂತಿಯನ್ನು ಮೂಗಿನ ಮೇಲೆ ಬೆರಳಿನಿಂದ ಒತ್ತಿ ಕೂರಿಸಿಕೊಳ್ಳಲು ಎರಡು ಕ್ಷಣ ಸಾಕು. ಬಟ್ಟೆಯ ಕೋಟಿ ರಂಧ್ರಗಳ ಶ್ರಮವೆಲ್ಲ ಸಾರ್ಥಕವಾಗುವುದು ಆ ಎರಡು ಕ್ಷಣಗಳಿಂದ.